ಮನೆಗಾಗಿ ಊರು ಬಿಡುವ ಮುನ್ನ

ಬೆಂಗಳೂರಿನಲ್ಲಿ ಬಾಡಿಗೆಯ ಮನೆಯಿಂದ ಬಾಡಿಗೆಯ ಮನೆಗೆ ತಿರುಗಿ ಬೇಸತ್ತ ಗೃಹಸ್ಥರು ಅನೇಕರು ಸ್ವಂತ ಮನೆಗಾಗಿ ತುಮಕೂರು, ಮೈಸೂರುಗಳ ಕಡೆಗೆ ದೃಷ್ಟಿ ಹಾಯಿಸುತ್ತಿರುವರು. ಇದಕ್ಕೆ ಕಾರಣವುಂಟು. 30 ಲಕ್ಷ ರೂಪಾಯಿಯವರೆಗಿನ ಗೃಹಸಾಲವಾದರೆ ಬ್ಯಾಂಕುಗಳು ಮನೆಯ ಬೆಲೆಯಲ್ಲಿ ನೂರಕ್ಕೆ 90ರವರೆಗೆ ಕೊಡಬಹುದು. ಸಾಲವು 75 ಲಕ್ಷವನ್ನು ಮೀರಿದರೆ 75ರವರೆಗೆ ಮಾತ್ರ. ಎಂದರೆ, ಅಗ್ಗದ ಮನೆಗೆ ಹತ್ತರಲ್ಲೊಂದು ಪಾಲು ಕೈಹಣವಿದ್ದರೆ ಸಾಲುವುದುಂಟು. ರಾಜಧಾನಿಯ ದುಬಾರಿ ಮನೆಗಾದರೆ ಕಾಲುಪಾಲು ಬೇಕು. ನೋಂದಣಿಯ ವೆಚ್ಚ ಬೇರೆ.

ಆದರೆ ವಾಚಕರೇ, ಉದ್ಯೋಗವು ಬೆಂಗಳೂರಿನಲ್ಲಿಯೇ ಉಳಿದರೆ, ದಿನವೂ ರೈಲಿನಲ್ಲಿ ಕಳೆಯುವ ಹೊತ್ತೂ ಮನೆಯ ಬೆಲೆಯೇ ಸರಿ. ಮಕ್ಕಳು ಮಲಗಿದ ಮೇಲೆ ಬಾಗಿಲು ತಟ್ಟುವ ತಂದೆಗೆ ಸ್ವಂತ ಮನೆಯಿದ್ದು ಫಲವೇನು? ಆದುದರಿಂದ ಆ ಊರಿನಲ್ಲಿ ಒಂದು ವರುಷ ಬಾಡಿಗೆಗಿದ್ದು ನೋಡುವುದು ಲೇಸು. ಊರು ಒಗ್ಗಿದ ಮೇಲೆ ಕ್ರಯಪತ್ರದ ಮಾತು.