ಕಾಕಾನ ಮದುವೆ ಕಪ್ಪು-ಬಿಳುಪಿನಲ್ಲಿ ಆಗಿರಲಿಲ್ಲ

ಇಲ್ಲಿ ಬರೆದು ತುಂಬಾ ದಿನ ಆಯ್ತು. ಬರೆಯದೆ ಇದ್ದದ್ದಕ್ಕೆ ಕಾರಣ ಸೋಮಾರಿತನ, ಈಗ ಬರೆಯೋದಕ್ಕೆ ಕಾರಣ ಸಿಟ್ಟು. ಸಿಟ್ಟು ಯಾರ ಮೇಲೆ ಅಂದ್ರೆ ನನ್ನ ಕಾಕಾನ ಮಗನ ಮೇಲೆ. ಅವನೂ ಇದನ್ನ ಓದ್ತಾನೆ. ಓದಲಿ :-)

ವಿಷಯ ಇಷ್ಟೇ. ಊರಿನ ಮನೆಯ ಅಟ್ಟ ಸ್ವಚ್ಛ ಮಾಡುವಾಗ ಟ್ರಂಕಿನಲ್ಲಿ ಕಾಕಾನ ಮದುವೆಯ ವಿಡಿಯೋ ಕ್ಯಾಸೆಟ್ಟು ಸಿಕ್ತು. 1991ರ ಮೇ ತಿಂಗಳ ಮದುವೆ. ಒಂದಲ್ಲ, ಎರಡು ವಿ.ಎಚ್.ಎಸ್. ಕ್ಯಾಸೆಟ್ಟು, ಮೂರು ಮೂರು ತಾಸಿನವು. ತಮ್ಮ ಯಾರದೋ ಮನೆಯಿಂದ ವಿಸಿಆರ್ ಇಸಕೊಂಡು ಬಂದು, ಮೊದಲನೇ ಕ್ಯಾಸೆಟ್ಟನ್ನ ಕಂಪ್ಯೂಟರಿಗೆ ಇಳಿಸಿ, ರಾತ್ರಿ ಹತ್ತಕ್ಕೆ ನನಗೆ ಫೋನ್ ಮಾಡಿದ.

"ಅಕ್ಕಾ, ಬಣ್ಣ ಭಾಳ ಕೆಟ್ಟೈತಿ. ನೋಡಾಕ ಆಗವಲ್ದು. ಬ್ಲ್ಯಾಕ್ ಆಂಡ್ ವೈಟ್ ಮಾಡಿ ಎಲ್ಲಾರಿಗೂ ಕಳಸ್ತೀನಿ. ಹಳೇದು ಅನ್ನೋ ಫೀಲ್ ಸುದ್ದಾ ಬರತೈತಿ."

ಆ ಕೊನೆಯ ಮಾತಿಗೇ ನನಗೆ ಸಿಟ್ಟು ಬಂದದ್ದು. ಹಳೇದು ಅನ್ನೋ ಫೀಲ್ ಬರೋದಕ್ಕೆ ಏನೂ ಮಾಡಬೇಕಾಗಿಲ್ವಲ್ಲ, ಅದು ಹಳೇದೇ! ದೂರದರ್ಶನ ಬಣ್ಣಕ್ಕೆ ತಿರುಗಿದ್ದು 1982ರ ಆಗಸ್ಟ್ 15ಕ್ಕೆ. ಕಾಕಾನ ಮದುವೆ ಅದಾಗಿ ಒಂಬತ್ತು ವರ್ಷಕ್ಕೆ. ಆ ಹೊತ್ತಿಗೆ ನಮ್ಮ ಊರಿನ ಫೋಟೋ ಸ್ಟುಡಿಯೋದವನೂ ಬಣ್ಣದ ರೀಲು ಹಾಕ್ತಿದ್ದ. ಸಿನಿಮಾದಲ್ಲಿ ಫ್ಲ್ಯಾಶ್‌ಬ್ಯಾಕ್ ಬಂದ ಕೂಡಲೇ ಬಣ್ಣ ಹೋಗೋದು ನೋಡಿ ನೋಡಿ, ನಮ್ಮ ಹುಡುಗರಿಗೆ ತಾವು ಹುಟ್ಟೋದಕ್ಕಿಂತ ಮುಂಚೆ ಜಗತ್ತಿಗೇ ಬಣ್ಣ ಇರಲಿಲ್ಲ ಅನ್ನಿಸಿಬಿಟ್ಟಿದೆ. ಇದಕ್ಕೆ ಮೇಲೆ ಮತ್ತೊಂದು ಹುಚ್ಚು, ಗೀರು ಬೀಳಿಸೋದು. ಗೀರು ಬೀಳೋದು ಫಿಲ್ಮಿಗೆ. ಟೇಪು ಹಳೇದಾದ್ರೆ ಚಿತ್ರದಲ್ಲಿ ಬಿಳಿ ಚುಕ್ಕಿ ಮಿಂಚಿ ಹೋಗ್ತವೆ, ಕೆಳಗಿನ ಅಂಚು ಅಲುಗಾಡತ್ತೆ, ಸೀರೆಯ ಕೆಂಪು ಪಕ್ಕದವರ ಮೈಮೇಲೆ ಹರೀತದೆ. ಉದ್ದುದ್ದ ಗೀರು ಬೀಳಲ್ಲ. ಟೇಪಿಗೆ ಫಿಲ್ಮಿನ ಗೀರು ಹಾಕೋದು ಅಂದ್ರೆ ತೆಂಗಿನ ಮರಕ್ಕೆ ಮಾವಿನ ಎಲೆ ಕಟ್ಟಿದ ಹಾಗೆ.

ಇಷ್ಟೆಲ್ಲಾ ಅವನಿಗೆ ಬೈದು ಫೋನ್ ಇಟ್ಟೆ. ಮರುದಿನ ಒಂದು ಸಣ್ಣ ತುಣುಕು ಕಳಿಸಿದ, ಎರಡು ನಿಮಿಷದ್ದು. ಮೊದಲು ಬಣ್ಣದಲ್ಲಿ, ಆಮೇಲೆ ಅದೇ ತುಣುಕು ಕಪ್ಪು-ಬಿಳುಪಿನಲ್ಲಿ. ಕೆಳಗೆ ಒಂದೇ ಸಾಲು: "ಆಯೀನ್ನ ನೋಡು."

ನೋಡಿದೆ. ಆಯಿ ಹಂದರದ ಕಂಬಕ್ಕೆ ಒರಗಿ ಕೂತಿದ್ದಾಳೆ. ಬಣ್ಣದ ತುಣುಕಿನಲ್ಲಿ ಅವಳ ಮುಖ ಅಂದ್ರೆ ಕಿತ್ತಳೆ ಬಣ್ಣದ ಒಂದು ಮುದ್ದೆ, ಅದರ ಮೇಲೆ ಹಸಿರು-ನೇರಳೆ ಹುಳ ಹರಿದಾಡಿದ ಹಾಗೆ. ಕುಂಕುಮ ಹಣೆಯಿಂದ ಜಾರಿ ಹುಬ್ಬಿನ ಕೆಳಗೆ ಬಂದಿತ್ತು. ಕಪ್ಪು-ಬಿಳುಪಿನಲ್ಲಿ ಮುಖ ಇತ್ತು. ಮೂಗುತಿ ಇತ್ತು. ಯಾರೋ ಏನೋ ಅಂದದ್ದಕ್ಕೆ ನಗು ತಡಕೊಳ್ಳೋದಕ್ಕೆ ತುಟಿ ಒತ್ತಿ ಹಿಡಿದದ್ದೂ ಕಾಣಿಸ್ತು. ಆಯಿ ಹೋಗಿ ಎಷ್ಟೋ ವರ್ಷ. ನಮ್ಮಲ್ಲಿ ಅವಳದ್ದು ಇರೋದು ಸ್ಟುಡಿಯೋದಲ್ಲಿ ತೆಗೆಸಿದ ಒಂದು ಫೋಟೋ, ಅದರಲ್ಲಿ ಹೆದರಿದವರ ಹಾಗೆ ನಿಂತಿದ್ದಾಳೆ. ಅವಳು ನಗು ತಡಕೊಳ್ಳೋದನ್ನ ನಾನು ಮರೆತೇ ಬಿಟ್ಟಿದ್ದೆ.

ಸಿಟ್ಟು ಅರ್ಧ ಇಳೀತು. ಹಾಗಾದ್ರೆ ಬಣ್ಣ ತೆಗೆದ ಕೂಡಲೇ ಇಲ್ಲದ ಮುಖ ಎಲ್ಲಿಂದ ಬಂತು?

ಬಂದದ್ದಲ್ಲ, ಅಲ್ಲೇ ಇತ್ತು. ಬಣ್ಣದ ಟಿವಿ ಶುರುವಾದಾಗ ಮನೆಮನೆಯಲ್ಲಿ ಕಪ್ಪು-ಬಿಳುಪಿನ ಟಿವಿ ಆಗಲೇ ಇದ್ದವು. ಅವು ಮೂಲೆಗೆ ಹೋಗಬಾರದು ಅಂತ ಇಂಜಿನಿಯರುಗಳು ಬೆಳಕಿನ ಸಿಗ್ನಲನ್ನ (ಇದಕ್ಕೆ ಲೂಮಾ ಅಂತಾರೆ) ಮೊದಲಿದ್ದ ಹಾಗೇ ಬಿಟ್ಟು, ಬಣ್ಣದ ಸಿಗ್ನಲನ್ನ (ಕ್ರೋಮಾ) ಅದರ ಮೇಲೆ ಬೇರೆಯಾಗಿ ಏರಿಸಿದರು. ಜರ್ಮನಿಯ ವಾಲ್ಟರ್ ಬ್ರುಖ್ ರೂಪಿಸಿದ, ನಮ್ಮ ದೇಶವೂ ಒಪ್ಪಿಕೊಂಡ ಪಾಲ್ ಪದ್ಧತಿಯಲ್ಲಿ ಬಣ್ಣ ಕೂತಿರೋದು 4.43 ಮೆಗಾಹರ್ಟ್ಸ್ ಹತ್ತಿರ. ಹಳೇ ಟಿವಿ ಬೆಳಕನ್ನಷ್ಟೇ ತಗೊಂಡು ಬಣ್ಣ ಬಿಟ್ಟುಬಿಡತ್ತೆ. ಅಂದ್ರೆ ಪ್ರತಿಯೊಂದು ಬಣ್ಣದ ಅನಲಾಗ್ ಚಿತ್ರದ ಹೊಟ್ಟೆಯಲ್ಲೂ ಒಂದು ಪೂರ್ತಿ ಕಪ್ಪು-ಬಿಳುಪಿನ ಚಿತ್ರ ಇದ್ದೇ ಇರತ್ತೆ.

ವಿ.ಎಚ್.ಎಸ್. ಟೇಪಿನ ಕಥೆ ಇನ್ನೂ ಬಡವರ ಮನೆಯ ಕಥೆ. ಅದರಲ್ಲಿ ಅಷ್ಟು ಜಾಗವೇ ಇಲ್ಲ. ಲೂಮಾಗೆ ಸುಮಾರು ಮೂರು ಮೆಗಾಹರ್ಟ್ಸ್ ಕೊಟ್ಟು, ಬಣ್ಣವನ್ನ ಕೆಳಗೆ 627 ಕಿಲೋಹರ್ಟ್ಸಿಗೆ ಇಳಿಸಿ ಒಂದು ಮೂಲೆಯಲ್ಲಿ ಕೂರಿಸ್ತಾರೆ. ಅಡ್ಡಕ್ಕೆ ಎಣಿಸಿದರೆ ಬೆಳಕು ಸುಮಾರು 240 ಗೆರೆಗಳಷ್ಟು ಸೂಕ್ಷ್ಮ ತೋರಿಸತ್ತೆ, ಬಣ್ಣ ಬರೀ 40ರ ಆಸುಪಾಸು. ರಂಗೋಲಿಯ ಗೆರೆ ಮಾತ್ರ ಬೆರಳ ತುದಿಯಿಂದ ಎಳೆದು, ಬಣ್ಣವನ್ನ ಮೊರದಿಂದ ಸುರಿದ ಹಾಗೆ. ಅದರಲ್ಲೂ ನಮ್ಮದು ಮೂಲ ಟೇಪು ಅಲ್ಲ. ಆಗ ಮಿಕ್ಸಿಂಗ್ ಮಾಡಿ (ಹೃದಯದ ಆಕಾರದೊಳಗೆ ಕಾಕಾ-ಕಾಕು, ಹಿನ್ನೆಲೆಗೆ ಸಿನಿಮಾ ಹಾಡು, ನಿಮ್ಮ ಮನೆಯಲ್ಲೂ ಇರತ್ತೆ ಬಿಡಿ) ಅದರಿಂದ ಕಾಪಿ, ಕಾಪಿಯಿಂದ ಮತ್ತೊಂದು ಕಾಪಿ ತೆಗೀತಿದ್ರು. ಒಂದೊಂದು ಕಾಪಿಗೂ ಬಣ್ಣ ಒಂದೆರಡು ಗೆರೆ ಕೆಳಗೆ ಜಾರತ್ತೆ. ಆಯಿಯ ಕುಂಕುಮ ಜಾರಿದ್ದು ಹೀಗೆ. ಜೊತೆಗೆ ಹಂದರದ ಹೊರಗೆ ಬಿಸಿಲು, ಒಳಗೆ ವಿಡಿಯೋದವನ ಹಳದಿ ಹ್ಯಾಲೋಜನ್ ಲೈಟು. ಅವನು ಹೊರಗೆ ಒಳಗೆ ಓಡಾಡಿದ ಹಾಗೆ ಇಡೀ ಬೀಗರ ಬಳಗ ಒಮ್ಮೆ ನೀಲಿ, ಒಮ್ಮೆ ಹಳದಿ.

ಈ ಗದ್ದಲವನ್ನ ತೆಗೆದರೆ ಉಳಿಯೋದು ಟೇಪಿನಲ್ಲಿ ಚೆನ್ನಾಗಿ ದಾಖಲಾದ ಭಾಗ. ಹಾಗಾಗಿ ತಮ್ಮ ಮಾಡಿದ್ದು ತಪ್ಪಲ್ಲ ಅಂತ ಒಪ್ಪಿಕೊಂಡೆ. ಫೀಲ್ ಗೀಲ್ ಅಂದದ್ದು ತಪ್ಪು, ಅಷ್ಟೇ.

ಇನ್ನೊಂದು ವಿಷಯ ನನ್ನನ್ನೇ ಪೇಚಿಗೆ ಸಿಕ್ಕಿಸಿತು. ಕಾಕಾನಿಗೆ ಹೇಳಿದಾಗ ಅವರು ನಕ್ಕರು. "ಮೊದಲ ಸಲಾ ನಾವು ನೋಡಿದ್ದ ಬ್ಲ್ಯಾಕ್ ಆಂಡ್ ವೈಟ್‌ನ್ಯಾಗ ಅಲ್ಲೇನವಾ!" ಹೌದು. ಬಾಡಿಗೆ ವಿಸಿಆರ್ ತಂದು, ಆಂಟೆನಾದ ವೈರು ಕಿತ್ತು ಅಲ್ಲಿ ಸಿಗಿಸಿ, ಮನೆಯಲ್ಲಿದ್ದ ಕಪ್ಪು-ಬಿಳುಪಿನ ಟಿವಿಯಲ್ಲಿ ಓಣಿಯವರೆಲ್ಲಾ ಕೂತು ನೋಡಿದ್ದು. ಬಣ್ಣದ ಟಿವಿ ಆ ಮನೆಗೆ ಬಂದದ್ದು ಆಯಿ ಹೋದ ಮೇಲೆ. ಅಂದ್ರೆ ಆಯಿ ತನ್ನನ್ನ ತಾನು ಆ ಕ್ಯಾಸೆಟ್ಟಿನಲ್ಲಿ ನೋಡಿಕೊಂಡದ್ದು ಬಣ್ಣ ಇಲ್ಲದೆಯೇ! ಮದುವೆ ಕಪ್ಪು-ಬಿಳುಪಿನಲ್ಲಿ ಆಗಿರಲಿಲ್ಲ ಅನ್ನೋದು ನಿಜ, ಆದ್ರೆ ಮದುವೆಯ ನೆನಪು ಅವರಿಗೆ ಹಾಗೇ ಇದೆ. ನನ್ನ ವಾದದ ಅರ್ಧ ಗಾಳಿ ಅಲ್ಲಿಗೇ ಹೋಯ್ತು.

ಉಳಿದರ್ಧ ಇನ್ನೂ ಗಟ್ಟಿಯಾಗಿದೆ, ಯಾಕಂದ್ರೆ ತಮ್ಮನ ಯೋಜನೆಯ ಎರಡನೇ ಭಾಗ ಆಮೇಲೆ ಗೊತ್ತಾಯ್ತು. ಮೂರು ತಾಸಿನ ಮೂಲ ಫೈಲು ಹತ್ತಿರಹತ್ತಿರ 40 ಜಿಬಿ. ಕಪ್ಪು-ಬಿಳುಪಿನದ್ದು ಸಣ್ಣದಾಗಿ ಮಾಡಿಟ್ಟು, ದೊಡ್ಡದನ್ನ ಅಳಿಸಿ, ಕ್ಯಾಸೆಟ್ಟನ್ನ ರದ್ದಿಗೆ ಹಾಕೋದು ಅವನ ಲೆಕ್ಕ. ಇಲ್ಲಿ ಮಾತ್ರ ನಾನು ಜಗಳಕ್ಕೇ ನಿಂತೆ.

ಆ ದಿನ ಆಯಿ ಉಟ್ಟದ್ದು ಇಳಕಲ್ ಸೀರೆ. ಕಡು ಹಸಿರು ಒಡಲು, ಕೆಂಪು ದಡಿ, ಕೆಂಪು ಸೆರಗು. ಕಪ್ಪು-ಬಿಳುಪಿನಲ್ಲಿ ನೋಡಿದ್ರೆ ದಡಿಯೂ ಇಲ್ಲ ಸೆರಗೂ ಇಲ್ಲ, ಇಡೀ ಸೀರೆ ಒಂದೇ ಬೂದು ಬಟ್ಟೆ. ಕಾರಣ ಸರಳ ಗಣಿತ. ಲೂಮಾ ಲೆಕ್ಕ ಹಾಕುವಾಗ ಕೆಂಪಿಗೆ 0.299, ಹಸಿರಿಗೆ 0.587, ನೀಲಿಗೆ 0.114 ತೂಕ. 255ರ ಅಚ್ಚ ಕೆಂಪು 76 ಆಗತ್ತೆ. 130ರ ಕಡು ಹಸಿರೂ 76 ಆಗತ್ತೆ. ಕಣ್ಣಿಗೆ ಎದುರುಬದುರು ನಿಲ್ಲೋ ಎರಡು ಬಣ್ಣ ಅಲ್ಲಿ ಒಂದೇ. ಆರತಿಯ ಕೆಂಪು ನೀರು ಮಸಿ ನೀರಿನ ಹಾಗೆ ಕಾಣತ್ತೆ, ಅದನ್ನೇ ಮದುಮಕ್ಕಳಿಗೆ ಎತ್ತುತ್ತಿದ್ದಾರೆ!

ತಮಾಷೆ ನೋಡಿ, ಆ ತೂಕ ಬಿಟ್ಟು ಮೂರೂ ಬಣ್ಣದ ಸಾದಾ ಸರಾಸರಿ ತೆಗೆದರೆ ಕೆಂಪು 85, ಹಸಿರು 43. ದಡಿ ಮತ್ತೆ ಬೇರೆಯಾಗಿ ನಿಲ್ಲತ್ತೆ. ಬರೀ ಕೆಂಪು ಚಾನೆಲ್ ತಗೊಂಡರೆ ಇನ್ನೂ ಢಾಳಾಗಿ ಕಾಣತ್ತೆ. ಕಪ್ಪು-ಬಿಳುಪಿನ ಫಿಲ್ಮು ಬಳಸ್ತಿದ್ದ ಫೋಟೋದವರು ಲೆನ್ಸಿನ ಮುಂದೆ ಕೆಂಪು, ಹಳದಿ ಗಾಜು ಹಾಕ್ತಿದ್ದದ್ದೂ ಇದಕ್ಕೇ. ಆದ್ರೆ ನಮ್ಮ ಟೇಪಿನಲ್ಲಿ ಹಾಗೆ ಮಾಡಿದ್ರೆ ಬಣ್ಣದ ಗದ್ದಲವೂ ವಾಪಸ್ ಬರತ್ತೆ, ಆಯಿಯ ಮುಖ ಮತ್ತೆ ಮುದ್ದೆ. ಮುಖ ಬೇಕೋ ಸೆರಗು ಬೇಕೋ ಅಂತ ಒಂದೊಂದು ತುಣುಕಿಗೂ ಬೇರೆ ಬೇರೆ ಉತ್ತರ. ಬಣ್ಣದ ಫೈಲು ಇದ್ರೆ ಹತ್ತು ಥರದ ಕಪ್ಪು-ಬಿಳುಪು ತೆಗೀಬಹುದು. ಅಳಿಸಿದ್ರೆ ಒಂದೇ, ಅದೂ ನಿನ್ನೆ ರಾತ್ರಿ ಅವಸರದಲ್ಲಿ ಮಾಡಿದ್ದು.

ಇಂಥಾ ಅವಸರಕ್ಕೆ ದೊಡ್ಡವರೂ ಬಿದ್ದಿದ್ದಾರೆ. ಬಿಬಿಸಿಯವರು 1960ರ ದಶಕದ ಕೊನೆಯಲ್ಲಿ, 70ರ ದಶಕದಲ್ಲಿ ಬಣ್ಣದಲ್ಲಿ ಮಾಡಿದ ಕಾರ್ಯಕ್ರಮಗಳನ್ನ, ಬಣ್ಣದ ಟಿವಿ ಇಲ್ಲದ ದೇಶಗಳಿಗೆ ಮಾರೋದಕ್ಕೆ ಅಂತ ಪರದೆಯಿಂದ ಕಪ್ಪು-ಬಿಳುಪಿನ ಫಿಲ್ಮಿಗೆ ಇಳಿಸಿದರು. ಆಮೇಲೆ ಟೇಪು ದುಬಾರಿ ಅಂತ ಬಣ್ಣದ ಮೂಲವನ್ನ ಅಳಿಸಿ ಮರುಬಳಕೆ ಮಾಡಿದರು. ಎಷ್ಟೋ ಕಂತುಗಳಿಗೆ ಉಳಿದದ್ದು ಆ ಫಿಲ್ಮು ಮಾತ್ರ. ಅದೃಷ್ಟಕ್ಕೆ, ಫಿಲ್ಮಿಗೆ ಇಳಿಸುವಾಗ ಹಲವು ಸಲ ಬಣ್ಣದ ಸಿಗ್ನಲನ್ನ ಸೋಸಿರಲಿಲ್ಲ, ಅದು ಸಣ್ಣ ಚುಕ್ಕಿಗಳಾಗಿ ಚಿತ್ರದ ಮೇಲೇ ಕೂತಿತ್ತು. ದಶಕಗಳ ನಂತರ ಆ ಚುಕ್ಕಿಗಳನ್ನ ಓದೋ ತಂತ್ರಾಂಶ ಬರೆದು 'ಡ್ಯಾಡ್ಸ್ ಆರ್ಮಿ'ಯ 1969ರ ಒಂದು ಕಂತಿಗೆ ಅದರದ್ದೇ ಬಣ್ಣ ವಾಪಸ್ ತಂದು 2008ರ ಡಿಸೆಂಬರಿನಲ್ಲಿ ತೋರಿಸಿದರು. ಯಾರೋ ಸೋಸೋದು ಬಿಟ್ಟಿದ್ದರಿಂದ ಉಳಿದ ಬಣ್ಣ ಅದು!

ನಮ್ಮ ತಮ್ಮನ ಫೈಲಿನಲ್ಲಿ ಆ ಅದೃಷ್ಟಕ್ಕೂ ಜಾಗ ಇಲ್ಲ. ಸ್ಯಾಚುರೇಶನ್ ಸೊನ್ನೆ ಅಂದ್ರೆ ಸೊನ್ನೆ. "ಮುಂದ ಎಐ ಬಣ್ಣಾ ಹಚ್ಚತೈತಿ ಬಿಡಕ್ಕಾ" ಅಂದ. ಹಚ್ಚತ್ತಪ್ಪಾ. 'ಸತ್ಯ ಹರಿಶ್ಚಂದ್ರ'ಕ್ಕೆ 2008ರಲ್ಲಿ ಹಚ್ಚಿದರು, 'ಕಸ್ತೂರಿ ನಿವಾಸ'ಕ್ಕೆ 2014ರಲ್ಲಿ ಹಚ್ಚಿದರು, ನೋಡಿ ನಾವೂ ಖುಷಿಪಟ್ಟೆವು. ಅಲ್ಲಿ ಬಣ್ಣ ಆರಿಸಿದವರು ಮನುಷ್ಯರು. ಇಲ್ಲಿ ಯಂತ್ರ ಊಹೆ ಮಾಡತ್ತೆ. 76ನ್ನ ನೋಡಿ ಅದು ಕೆಂಪೋ ಹಸಿರೋ ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು? ಆಯಿಗೆ ನೀಲಿ ಸೀರೆ ಉಡಿಸಿದ್ರೂ ಉಡಿಸೀತು. ಆ ಸೀರೆ ಕೌದಿ ಆಗಿ, ಕೌದಿ ಹರಿದು ಹೋಗಿ ಎಷ್ಟೋ ವರ್ಷ. ಕೆಟ್ಟದ್ದೋ, ಜಾರಿದ್ದೋ, ಅದರ ಬಣ್ಣಕ್ಕೆ ಸಾಕ್ಷಿ ಅಂತ ಇರೋದು ಈ ಟೇಪು ಒಂದೇ.

ನಿಮ್ಮ ಮನೆಯಲ್ಲೂ ಟೇಪು ಇದ್ರೆ ನನ್ನ ಅಭಿಪ್ರಾಯ ಇದು. ಇಳಿಸುವಾಗ ಬಣ್ಣದ ಸಮೇತ ಇಳಿಸಿ, ಅದನ್ನ ಮುಟ್ಟಬೇಡಿ. ಎಸ್-ವಿಡಿಯೋ ತೂತಿರೋ ವಿಸಿಆರ್ ಸಿಕ್ಕರೆ ಇನ್ನೂ ಒಳ್ಳೇದು, ಬೆಳಕು ಬಣ್ಣ ಎರಡೂ ಬೇರೆ ಬೇರೆ ತಂತಿಯಲ್ಲಿ ಬರ್ತವೆ, ಒಂದರ ಕೊಳೆ ಇನ್ನೊಂದಕ್ಕೆ ಅಂಟಲ್ಲ. ಕಪ್ಪು-ಬಿಳುಪು ಬೇಕೆನ್ನಿಸಿದ್ರೆ ಕಾಪಿಯ ಮೇಲೆ, ಕಟ್ಟಕಡೆಗೆ ಮಾಡಿ. ಮಾಡುವಾಗ ಲೂಮಾವನ್ನೇ ಮೊದಲು ನೋಡಿ, ಮುಖ ಇರೋದು ಅಲ್ಲಿ. ಗೀರು ಮಾತ್ರ ಹಾಕಬೇಡಿ, ನಿಮ್ಮ ಕಾಲಿಗೆ ಬೀಳ್ತೀನಿ.

ತಮ್ಮ ಕೊನೆಗೆ ಒಪ್ಪಿದ. 40 ಜಿಬಿ ಎರಡು ಕಡೆ ಇಟ್ಟಿದ್ದಾನೆ, ಕ್ಯಾಸೆಟ್ಟು ನಮ್ಮ ಮನೆಯ ಕಪಾಟಿಗೆ ಬಂತು. ಕಾಕಾ ಕಪ್ಪು-ಬಿಳುಪಿನದ್ದೇ ನೋಡ್ತಾರಂತೆ. ಕಾಕು ಬಣ್ಣದ್ದು, ತನ್ನ ಧಾರೆ ಸೀರೆ ಅದರಲ್ಲೇ ಸರಿಯಾಗಿ ಕಾಣ್ತದಂತೆ.

ಈಗಿನ ತೊಂದರೆ ಎರಡನೇ ಕ್ಯಾಸೆಟ್ಟಿನದ್ದು. ಸುರುಳಿಯ ಅಂಚಿಗೆ ಬಿಳಿ ಬೂಷ್ಟು ಹಿಡಿದಿದೆ, ಹಾಗೇ ಹಾಕಿದ್ರೆ ವಿಸಿಆರಿನ ಹೆಡ್ಡೂ ಹಾಳು, ಟೇಪೂ ಹಾಳು. ಹೊಸ ವಿಸಿಆರ್ ಕೊಳ್ಳೋಣ ಅಂದ್ರೆ, ಕೊನೆಯವರೆಗೆ ತಯಾರಿಸ್ತಿದ್ದ ಜಪಾನಿನ ಫುನಾಯಿ ಕಂಪನಿ 2016ರಲ್ಲೇ ನಿಲ್ಲಿಸಿಬಿಟ್ಟಿದೆ. ಬೂಷ್ಟು ಹಿಡಿದ ಟೇಪನ್ನ ಬಿಚ್ಚಿ ಒರೆಸಿದ ಅನುಭವ ನಿಮ್ಮಲ್ಲಿ ಯಾರಿಗಾದರೂ ಇದ್ರೆ ದಯವಿಟ್ಟು ತಿಳಿಸಿ. ಊಟದ ಪಂಕ್ತಿ ಇರೋದು ಅದರಲ್ಲೇ, ಆಯಿ ಹೋಳಿಗೆ ಬಡಿಸಿದ್ದಳು ಅಂತ ಕಾಕು ಹೇಳ್ತಾಳೆ.