ರಜೆಯ ದಿನಾಂಕ ಗೊತ್ತಿದೆ, ಬಸ್ಸು ಎಲ್ಲಿದೆ?

2023ರ ಸೆಪ್ಟೆಂಬರ್ 27, ಬುಧವಾರ. ಮರುದಿನ ಈದ್ ಮಿಲಾದ್ ರಜೆ. ಶುಕ್ರವಾರ ಕಾವೇರಿ ನೀರಿನ ವಿಷಯವಾಗಿ ಕರ್ನಾಟಕ ಬಂದ್. ಅದರ ಹಿಂದೆ ಶನಿವಾರ, ಭಾನುವಾರ. ಸೋಮವಾರ ಗಾಂಧಿ ಜಯಂತಿ. ಹೀಗೆ ಐದು ದಿನಗಳ ಬಿಡುವು ಒಟ್ಟಿಗೆ ಒದಗಿದ ಆ ಸಂಜೆ ಬೆಂಗಳೂರಿನ ಹೊರವರ್ತುಲ ರಸ್ತೆ ಕಟ್ಟಿಕೊಂಡುಬಿಟ್ಟಿತು. ಸಿಲ್ಕ್ ಬೋರ್ಡ್, ಮಾರತಹಳ್ಳಿ, ವೈಟ್‌ಫೀಲ್ಡ್ ಕಡೆಯ ವಾಹನಗಳು ಗಂಟೆಗಟ್ಟಲೆ ನಿಂತಲ್ಲೇ ನಿಂತವು. ಮಧ್ಯಾಹ್ನ ಶಾಲೆ ಬಿಟ್ಟ ಮಕ್ಕಳು ಕತ್ತಲಾದ ಮೇಲೆ ಮನೆ ಸೇರಿದರು. ಮರುದಿನದ ಪತ್ರಿಕೆಗಳು ಅದನ್ನು ನಗರದ ಸಂಚಾರ ಸಮಸ್ಯೆಯೆಂದು ವರದಿ ಮಾಡಿದವು. ಆದರೆ ಆ ಸಾಲಿನ ಗಣನೀಯ ಭಾಗ ನಗರದೊಳಗೆ ತಿರುಗಾಡಲು ಹೊರಟದ್ದಲ್ಲ. ಅದರ ಮುಖ ಇದ್ದದ್ದು ಗೊರಗುಂಟೆಪಾಳ್ಯದ ಕಡೆಗೆ, ನೆಲಮಂಗಲದ ಕಡೆಗೆ, ಅಲ್ಲಿಂದ ಮುಂದೆ ಘಟ್ಟದ ಕಡೆಗೆ.

ಆ ವಾಹನಗಳಲ್ಲಿ ಎರಡು ಬಗೆಯ ಜನ ಇರುತ್ತಾರೆ. ಬೆಟ್ಟ ನೋಡಲು ಹೊರಟವರು ಒಂದು ಬಗೆ; ಬೆಟ್ಟದ ಮನೆಗೆ ಹೊರಟವರು ಇನ್ನೊಂದು ಬಗೆ. ಕಾರಿನ ಗಾಜಿನ ಹೊರಗಿನಿಂದ ನೋಡಿದರೆ ಇಬ್ಬರೂ ಒಂದೇ. ಮಲೆನಾಡಿನ ಸಭೆಗಳಲ್ಲಿ ‘ಬೆಂಗಳೂರಿನವರು ಬಂದು ಹಾಳುಮಾಡಿದರು’ ಎಂಬ ಮಾತು ಬಂದಾಗಲೆಲ್ಲ ಈ ವ್ಯತ್ಯಾಸ ಮರೆತುಹೋಗುತ್ತದೆ. ಇಲೆಕ್ಟ್ರಾನಿಕ್ ಸಿಟಿಯಲ್ಲಿ ಗಣಕಯಂತ್ರದ ಮುಂದೆ ಕುಳಿತವರಲ್ಲಿ ಕೊಪ್ಪ, ಸಾಗರ, ಸಿದ್ದಾಪುರಗಳ ಅಡಿಕೆ ಮನೆಗಳ ಮಕ್ಕಳಿದ್ದಾರೆ. ಪೀಣ್ಯದ ಲೇತ್ ಯಂತ್ರದ ಮುಂದೆ, ಗಾರ್ಮೆಂಟ್ಸಿನ ಹೊಲಿಗೆ ಸಾಲಿನಲ್ಲಿ ಘಟ್ಟದ ಸೆರಗಿನ ಊರುಗಳ ಯುವಕ ಯುವತಿಯರಿದ್ದಾರೆ. ‘ಬೆಂಗಳೂರಿನವರು’ ಎಂದು ಬೈಯುವ ಮನೆಯ ಮಗಳೇ ಆ ಸಾಲಿನಲ್ಲಿ ಸಿಲುಕಿರಬಹುದು.

ಕೊನೆ ಗಳಿಗೆಯ ಪ್ರಯಾಣ ಹೇಗೆ ಹುಟ್ಟುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ನೋಡಬೇಕು. ಕಂಪೆನಿಯಲ್ಲಿ ದುಡಿಯುವ ಗಂಡನಿಗೆ ರಜೆ ಸಿಗುತ್ತದೆಯೋ ಇಲ್ಲವೋ ಎಂಬುದು ಬುಧವಾರದ ತನಕ ತಿಳಿಯುವುದಿಲ್ಲ. ಹೆಂಡತಿಯ ಕಚೇರಿಯ ರಜಾಪಟ್ಟಿ ಬೇರೆ, ಮಕ್ಕಳ ಶಾಲೆಯದು ಬೇರೆ. ಪೀಣ್ಯದ ಕಾರ್ಮಿಕನ ಸ್ಥಿತಿ ಇನ್ನೂ ಅನಿಶ್ಚಿತ. ತುರ್ತು ಆರ್ಡರ್ ಬಂದರೆ ಭಾನುವಾರವೂ ಓ.ಟಿ. ಎಲ್ಲ ಕೂಡಿ ಬಂದು ಹೊರಡೋಣವೆಂದು ತೀರ್ಮಾನಿಸುವ ಹೊತ್ತಿಗೆ ರೈಲಿನ ಸೀಟುಗಳು ಮುಗಿದಿರುತ್ತವೆ. 2024ರ ನವೆಂಬರ್ 1ರಿಂದ ರೈಲ್ವೆಯ ಮುಂಗಡ ಕಾಯ್ದಿರಿಸುವಿಕೆಯ ಅವಧಿ 120 ದಿನಗಳಿಂದ 60 ದಿನಗಳಿಗೆ ಇಳಿದಿದೆಯಾದರೂ, ಎರಡು ತಿಂಗಳ ಮುಂಚೆ ರಜೆ ಖಚಿತವಾಗುವ ಭಾಗ್ಯವಂತರು ಎಷ್ಟು ಮಂದಿ? ಹೊರಡುವ ಹಿಂದಿನ ದಿನ ತೆರೆಯುವ ತತ್ಕಾಲ್ ಕಿಂಡಿ ನಿಮಿಷಗಳಲ್ಲಿ ಮುಚ್ಚಿಹೋಗುತ್ತದೆ. ಖಾಸಗಿ ಬಸ್ಸಿನ ದರ ಹಬ್ಬದ ಮುನ್ನಾದಿನ ಎರಡು ಮೂರು ಪಟ್ಟು ಏರುವುದು, ಸಾರಿಗೆ ಇಲಾಖೆ ಎಚ್ಚರಿಕೆ ಕೊಡುವುದು, ಮುಂದಿನ ಹಬ್ಬಕ್ಕೆ ಅದೇ ಮರುಕಳಿಸುವುದು, ಇದು ವರ್ಷಾವರ್ತಿಯ ವ್ರತದಂತೆ ನಡೆದುಬಂದಿದೆ. ನಾಲ್ವರ ಕುಟುಂಬ ಆ ದರವನ್ನು ನಾಲ್ಕರಿಂದ ಗುಣಿಸಿ ನೋಡುತ್ತದೆ, ಕಾರಿನ ಪೆಟ್ರೋಲಿನ ಲೆಕ್ಕ ಹಾಕುತ್ತದೆ, ಕೀಲಿಕೈ ತೆಗೆದುಕೊಳ್ಳುತ್ತದೆ. ಆ ಲೆಕ್ಕದಲ್ಲಿ ತಪ್ಪು ಹುಡುಕಲು ಸಾಧ್ಯವಿಲ್ಲ.

ವಿಚಿತ್ರವೆಂದರೆ ಇಷ್ಟೆಲ್ಲ ಆತುರಕ್ಕೆ ಕಾರಣವಾಗುವ ರಜೆ ಮಾತ್ರ ಹಠಾತ್ತಾಗಿ ಬರುವುದಿಲ್ಲ. ರಾಜ್ಯ ಸರಕಾರ ವರ್ಷಾರಂಭಕ್ಕೆ ಮೊದಲೇ ಸಾರ್ವತ್ರಿಕ ರಜೆಗಳ ಪಟ್ಟಿ ಹೊರಡಿಸುತ್ತದೆ. ರಾಷ್ಟ್ರೀಯ ಮತ್ತು ಹಬ್ಬದ ರಜೆಗಳಿಗಾಗಿ ಕೈಗಾರಿಕೆಗಳಿಗೆ ಅನ್ವಯಿಸುವ 1963ರ ಕಾಯಿದೆಯೇ ಇದೆ. ಜನವರಿ 26 ಯಾವ ವಾರಕ್ಕೆ ಬೀಳುತ್ತದೆಂದು ತಿಳಿಯಲು ಪಂಚಾಂಗವೂ ಬೇಡ, ಗೋಡೆಯ ಕ್ಯಾಲೆಂಡರ್ ಸಾಕು. ಶುಕ್ರವಾರ ಅಥವಾ ಸೋಮವಾರ ರಜೆ ಬಂದರೆ ಘಟ್ಟ ತುಂಬುತ್ತದೆಂಬುದು ಚಹಾದಂಗಡಿಯವನಿಗೂ ಗೊತ್ತು. ಹಾಗಿದ್ದೂ ಸಾರಿಗೆ ಸಂಸ್ಥೆಯ ಹೆಚ್ಚುವರಿ ಬಸ್ಸುಗಳ ಪ್ರಕಟಣೆ ಹಬ್ಬಕ್ಕೆ ಕೆಲವೇ ದಿನ ಇರುವಾಗ ಬರುತ್ತದೆ. ಕೊನೆ ಗಳಿಗೆಯ ತೀರ್ಮಾನವೆಂದು ಕುಟುಂಬವನ್ನು ದೂರುವವರು ವ್ಯವಸ್ಥೆಯ ಕೊನೆ ಗಳಿಗೆಯನ್ನೂ ಗಮನಿಸಬೇಕು.

2024ರ ಜನವರಿ 26 ಶುಕ್ರವಾರವಾಗಿತ್ತು. ಆ ಮೂರು ದಿನಗಳಲ್ಲಿ ಕುಮಾರಪರ್ವತದ ಹಾದಿಗೆ ಸಾವಿರಾರು ಮಂದಿ ಚಾರಣಿಗರು ಒಮ್ಮೆಲೆ ಬಂದರು. ಅರಣ್ಯ ಇಲಾಖೆಯ ತಪಾಸಣಾ ಠಾಣೆಯ ಮುಂದೆ ಜಾತ್ರೆಯಂತೆ ನಿಂತ ಜನಸಂದಣಿಯ ಚಿತ್ರಗಳು ದೇಶವೆಲ್ಲ ಹರಡಿದವು. ಅದಾದ ಮೇಲೆ ಸರಕಾರ ಮುಂಗಡ ನೋಂದಣಿಯ ವ್ಯವಸ್ಥೆಯಿಲ್ಲದ ಚಾರಣಗಳನ್ನು ನಿಲ್ಲಿಸಿತು. ಮುಂದೆ ಅಂತರ್ಜಾಲದ ಮೂಲಕ ನೋಂದಣಿ, ಒಂದು ಹಾದಿಗೆ ದಿನಕ್ಕೆ 300 ಜನರ ಮಿತಿ ಬಂದವು. ನಿರ್ಧಾರ ಸರಿಯಾದದ್ದು. ಆದರೆ ಅದನ್ನು ತೆಗೆದುಕೊಳ್ಳಲು ಒಂದು ಜನಜಂಗುಳಿಯ ದೃಶ್ಯ ಬೇಕಾಯಿತು ಎಂಬುದು ಬೇಸರದ ಸಂಗತಿ. ಜನರ ಸಂದಣಿ ಕಣ್ಣಿಗೆ ಕಾಣುತ್ತದೆ, ಮಣ್ಣಿಗೆ ಆದದ್ದು ಕಾಣುವುದಿಲ್ಲ.

ಮಣ್ಣಿಗೆ ಏನಾಗುತ್ತದೆ? ಸಹ್ಯಾದ್ರಿಯ ಎತ್ತರದಲ್ಲಿ ಶೋಲಾ ಕಾಡು ಮತ್ತು ಹುಲ್ಲುಗಾವಲು ಒಂದರ ಪಕ್ಕ ಒಂದು ಬೆಳೆದಿವೆ. ಹುಲ್ಲಿನ ಬುಡದ ಮಣ್ಣು ಬೇರುಗಳಿಂದ ಹೆಣೆದ ಚಾಪೆಯಂತೆ. ಅದರ ಸಣ್ಣ ರಂಧ್ರಗಳಲ್ಲಿ ಮಳೆಯ ನೀರು ಇಳಿದು, ಕೆಳಗಿನ ಕಣಿವೆಯ ಒರತೆಗಳಲ್ಲಿ ಬೇಸಿಗೆಯ ತನಕ ಜಿನುಗುತ್ತದೆ. ಒಂದೇ ಹಾದಿಯಲ್ಲಿ ಸಾವಿರ ಕಾಲುಗಳು ತುಳಿದಾಗ ಆ ರಂಧ್ರಗಳು ಮುಚ್ಚುತ್ತವೆ, ಮಣ್ಣು ಗಟ್ಟಿಯಾಗುತ್ತದೆ. ಹಾದಿ ಕೆಸರಾದರೆ ನಡೆಯುವವರು ಪಕ್ಕದ ಹುಲ್ಲಿನ ಮೇಲೆ ಹೆಜ್ಜೆಯಿಡುತ್ತಾರೆ. ಒಂದು ಕಾಲುದಾರಿ ಮೂರಾಗುತ್ತದೆ. ಮುಂದಿನ ಮಳೆಗಾಲದಲ್ಲಿ ನೀರು ಇಂಗದೆ ಆ ದಾರಿಯನ್ನೇ ಹಿಡಿದು ಓಡುತ್ತದೆ. ಮೊದಲ ವರ್ಷ ಗೆರೆ, ಆಮೇಲೆ ಕೊರಕಲು. ಹುಲ್ಲು ಬೋಳಾದ ಜಾಗಕ್ಕೆ ಕಳೆ ಬರುವುದು ಸುಲಭ, ಮೊದಲಿನ ಹುಲ್ಲು ಮರಳುವುದು ಕಷ್ಟ. ಕುಮಾರಪರ್ವತದ ಮಗ್ಗುಲಲ್ಲಿ ಹುಟ್ಟುವ ಕುಮಾರಧಾರೆ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡುತ್ತದೆ. ಬಾಬಾಬುಡನ್ ಗಿರಿಯ ಪೂರ್ವದ ಇಳಿಜಾರಿನ ವೇದಾ ಮತ್ತು ಅವತಿ ಸೇರಿ ವೇದಾವತಿಯಾಗಿ, ಬಯಲುಸೀಮೆಯ ವಾಣಿವಿಲಾಸ ಸಾಗರಕ್ಕೆ ನೀರು ಒಯ್ಯುತ್ತದೆ. ಗಿರಿಯ ಮೇಲೆ ತುಳಿದ ಹುಲ್ಲಿಗೂ ಹಿರಿಯೂರಿನ ತೆಂಗಿನ ತೋಟಕ್ಕೂ ಸಂಬಂಧವಿದೆ ಎಂಬುದು ಅತಿಶಯೋಕ್ತಿಯಲ್ಲ.

ಮುಳ್ಳಯ್ಯನಗಿರಿ, ಸೀತಾಳಯ್ಯನಗಿರಿ, ಬಾಬಾಬುಡನ್ ಗಿರಿಗಳ ರಸ್ತೆಗೆ 2025ರ ಸೆಪ್ಟೆಂಬರ್ 1ರಿಂದ ಚಿಕ್ಕಮಗಳೂರು ಜಿಲ್ಲಾಡಳಿತ ಮುಂಗಡ ನೋಂದಣಿ ಕಡ್ಡಾಯ ಮಾಡಿತು: ಬೆಳಗಿನ ಅವಧಿಗೆ 600 ವಾಹನ, ಮಧ್ಯಾಹ್ನದ ಅವಧಿಗೆ 600. ಇದನ್ನು ವಿರೋಧಿಸುವುದು ತಪ್ಪು. ಆದರೆ ಇದರ ಲೆಕ್ಕ ವಾಹನದ್ದು. ಇಬ್ಬರು ಕುಳಿತ ಕಾರು ಒಂದು ವಾಹನ, ಹನ್ನೆರಡು ಜನ ಕುಳಿತ ಟೆಂಪೋ ಟ್ರಾವೆಲರ್ ಕೂಡ ಒಂದು ವಾಹನ. ವಿಧವಾರು ಪಾಲು ಹಂಚಿದರೂ ಗಿರಿಯ ಮೇಲೆ ಕಾಲಿಡುವವರ ಸಂಖ್ಯೆಗೆ ಅದರಿಂದ ನೇರ ಮಿತಿ ಬೀಳುವುದಿಲ್ಲ. ಚೀಟಿ ಸಿಗದ ಕುಟುಂಬ ಹಿಂದಿರುಗಿ ವೈಟ್‌ಫೀಲ್ಡಿಗೆ ಹೋಗುತ್ತದೆಯೇ? ಇನ್ನೂರೈವತ್ತು ಕಿಲೋಮೀಟರ್ ಬಂದವರು ಮತ್ತೊಂದು ಜಲಪಾತ, ಮತ್ತೊಂದು ಗುಡ್ಡ ಹುಡುಕುತ್ತಾರೆ. ಕಾವಲಿಲ್ಲದ, ಮಿತಿಯಿಲ್ಲದ, ಹೆಸರೂ ಇಲ್ಲದ ಗುಡ್ಡಗಳ ಮೇಲೆ ಈ ಒತ್ತಡ ಜಾರುತ್ತದೆ. ಮಿತಿ ಹಾಕಬೇಕಾದದ್ದು ಬೆಟ್ಟದ ಬುಡದಲ್ಲಿ ಮಾತ್ರವಲ್ಲ, ಹೊರಡುವಲ್ಲಿಯೇ ಬೇರೆ ದಾರಿ ತೆರೆಯಬೇಕು.

ಮನೆಗೆ ಹೊರಟವರ ಕಡೆಗೆ ಬರೋಣ. ಆಗಸ್ಟ್ 15ರ ರಜೆ ನಗರದವರಿಗೆ ಮಳೆ ನೋಡುವ ರಜೆ. ಅಡಿಕೆಯ ಮನೆಗೆ ಅದು ಕೊಳೆರೋಗದ ಔಷಧಿಯ ಕಾಲ. ಮುಂಗಾರಿನ ಆರಂಭಕ್ಕೆ ಒಮ್ಮೆ ಬೋರ್ಡೋ ದ್ರಾವಣ ಹೊಡೆದರೆ, 40-45 ದಿನಗಳ ಬಳಿಕ ಎರಡನೆಯ ಸುತ್ತು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ; ಮಳೆ ಬಿಡುವು ಕೊಟ್ಟ ಗಂಟೆಗಳಲ್ಲೇ ಕೆಲಸ ಮುಗಿಯಬೇಕು. ಮರವೇರುವ ಕೊನೆಗೌಡರು ಸಿಗುವುದು ವಿರಳವಾಗಿದೆ. ಕಾರ್ಬನ್ ಫೈಬರ್ ದೋಟಿ ಬಂದು ನೆಲದ ಮೇಲೆ ನಿಂತೇ ಔಷಧಿ ಬಿಡಬಹುದಾದರೂ, ಅದನ್ನು ಎತ್ತಿ ಹಿಡಿಯಲು ಗಟ್ಟಿ ತೋಳು ಬೇಕು. ಎಪ್ಪತ್ತರ ಅಪ್ಪನಿಂದ ಆಗುವ ಕೆಲಸವಲ್ಲ. ಇಲೆಕ್ಟ್ರಾನಿಕ್ ಸಿಟಿಯ ಮಗನ ಆ ಎರಡು ದಿನಗಳಿಗೆ ತೋಟದಲ್ಲಿ ಬೆಲೆಯಿದೆ. ಜನವರಿ 26ರ ಹೊತ್ತಿಗೆ ಕಾಫಿ ಸೀಮೆಯಲ್ಲಿ ಅರೇಬಿಕಾ ಕಣದಲ್ಲಿರುತ್ತದೆ, ರೊಬಸ್ಟಾ ಗಿಡದಲ್ಲಿರುತ್ತದೆ. ಹಾಗೆ ಬರಬೇಕಾದವನು ಶನಿವಾರ ಮಧ್ಯಾಹ್ನ ಮನೆ ಮುಟ್ಟಿ ಭಾನುವಾರ ಮಧ್ಯಾಹ್ನ ಹೊರಟರೆ ಉಳಿದದ್ದು ಒಂದು ರಾತ್ರಿಯ ಊಟ. ಅದೇ ಆಗಸ್ಟಿನಲ್ಲಿ ಇಳಿಜಾರುಗಳು ನೀರು ಕುಡಿದು ಭಾರವಾಗಿರುತ್ತವೆ ಎಂಬುದನ್ನೂ ಮರೆಯುವಂತಿಲ್ಲ. ಕೊಡಗಿನ ಗುಡ್ಡಗಳು ಕುಸಿದದ್ದು 2018ರ ಆಗಸ್ಟ್ ಮಧ್ಯಭಾಗದಲ್ಲಿ, ಶಿರೂರಿನ ಗುಡ್ಡ ಹೆದ್ದಾರಿಯ ಮೇಲೆ ಜಾರಿದ್ದು 2024ರ ಜುಲೈ 16ರಂದು. ಅಂಥ ದಿನಗಳಲ್ಲಿ ಘಟ್ಟದ ರಸ್ತೆಯ ಮೇಲೆ ಕಾರುಗಳ ಸಾಲು ನಿಲ್ಲುವುದು ವಿನೋದದ ಸಂಗತಿಯಲ್ಲ.

ಬೇರೆ ದಾರಿ ಇದೆಯೇ? ಹತ್ತು ವರ್ಷಗಳ ಹಿಂದೆ ಇರಲಿಲ್ಲ, ಈಗ ಇದೆ. ಪೀಣ್ಯದಲ್ಲಿ ಬಸವೇಶ್ವರ ಬಸ್ ನಿಲ್ದಾಣ 2014ರಲ್ಲಿ ಉದ್ಘಾಟನೆಯಾಯಿತು. ತುಮಕೂರು ರಸ್ತೆಯ ಕಡೆಗೆ ಹೋಗುವ ಬಸ್ಸುಗಳು ಅಲ್ಲಿಂದಲೇ ಹೊರಡಲೆಂಬುದು ಉದ್ದೇಶ. ಪ್ರಯಾಣಿಕರು ಬರಲಿಲ್ಲ; ಆ ದೊಡ್ಡ ಕಟ್ಟಡ ವರ್ಷಗಟ್ಟಲೆ ಬಣಗುಟ್ಟಿತು. ಜನರನ್ನು ದೂಷಿಸಿ ಫಲವಿಲ್ಲ. ಅಂದು ಮೆಟ್ರೋದ ಹಸಿರು ಮಾರ್ಗ ಮೆಜೆಸ್ಟಿಕ್ಕನ್ನು ಮುಟ್ಟಿರಲಿಲ್ಲ, ಅದು ಮುಟ್ಟಿದ್ದು 2017ರ ಜೂನ್‌ನಲ್ಲಿ. ಗಂಟು ಮೂಟೆ, ಮಕ್ಕಳು ಮರಿಯೊಂದಿಗೆ ಪೀಣ್ಯಕ್ಕೆ ಬರುವುದೇ ಒಂದು ಪ್ರಯಾಣವಾಗಿತ್ತು. ಇಂದಿನ ಸ್ಥಿತಿ ಬೇರೆ. 2023ರ ಅಕ್ಟೋಬರ್ 9ರಂದು ನೇರಳೆ ಮಾರ್ಗ ವೈಟ್‌ಫೀಲ್ಡಿನಿಂದ ಚಲ್ಲಘಟ್ಟದವರೆಗೆ ಪೂರ್ಣಗೊಂಡಿತು. 2024ರ ನವೆಂಬರ್‌ನಲ್ಲಿ ಹಸಿರು ಮಾರ್ಗ ನಾಗಸಂದ್ರದಿಂದ ಮಾದಾವರಕ್ಕೆ ಚಾಚಿತು. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ಆರಂಭವಾಗಿ ಇಲೆಕ್ಟ್ರಾನಿಕ್ ಸಿಟಿ ಆರ್.ವಿ. ರಸ್ತೆಯಲ್ಲಿ ಹಸಿರು ಮಾರ್ಗಕ್ಕೆ ಕೂಡಿಕೊಂಡಿತು. ಅಂದರೆ ಮೂರೂ ಕೈಗಾರಿಕಾ ಸೀಮೆಗಳಿಂದ ತುಮಕೂರು ರಸ್ತೆಯ ಮಾದಾವರದ ತನಕ, ಒಂದು ಕಾರನ್ನೂ ಹೊರವರ್ತುಲ ರಸ್ತೆಗೆ ಇಳಿಸದೆ, ಹಳಿಯ ಮೇಲೆಯೇ ಬರಬಹುದು. ನೆಲಮಂಗಲದ ಕವಲು ಅಲ್ಲಿಂದ ಹತ್ತಿರ: ಒಂದು ಕೈ ತುಮಕೂರಿನ ಕಡೆ, ಇನ್ನೊಂದು ಕೈ ಕುಣಿಗಲ್, ಹಾಸನದ ಕಡೆ.

ರಜೆಯ ಮುನ್ನಾದಿನ ಮಾದಾವರದಿಂದ ಮತ್ತು ಪೀಣ್ಯದ ನಿಲ್ದಾಣದಿಂದ ಚಿಕ್ಕಮಗಳೂರು, ಸಕಲೇಶಪುರ, ಶೃಂಗೇರಿ, ತೀರ್ಥಹಳ್ಳಿ, ಸಾಗರ, ಶಿರಸಿಗೆ ಸಂಜೆ ಆರರಿಂದ ಮಧ್ಯರಾತ್ರಿಯವರೆಗೆ ನಿಶ್ಚಿತ ಅಂತರದಲ್ಲಿ ಬಸ್ಸು ಬಿಡುವುದು ಅಸಾಧ್ಯವಾದ ಬೇಡಿಕೆಯಲ್ಲ. ಅರ್ಧದಷ್ಟು ಸೀಟುಗಳನ್ನು ಮುಂಗಡಕ್ಕೆ, ಉಳಿದದ್ದನ್ನು ಬಂದವರಿಗೆ ಬಂದಂತೆ ಕೊಡುವ ಕ್ರಮವಿದ್ದರೆ, ಕೊನೆ ಗಳಿಗೆಯಲ್ಲಿ ರಜೆ ಸಿಕ್ಕವರಿಗೂ ಜಾಗ ಇರುತ್ತದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಗಾರ್ಮೆಂಟ್ಸಿನ ಹೆಣ್ಣುಮಕ್ಕಳಿಗೆ ಊರಿನ ಟಿಕೇಟಿನ ಹೊರೆ ಇಳಿದಿದೆ. ನಿಲ್ಲಲು ಜಾಗವಿರುವ ಬಸ್ಸಿನ ಕೊರತೆ ಮಾತ್ರ ಉಳಿದಿದೆ. ಟಿಕೇಟು ಉಚಿತವೆಂದು ಹೇಳಿ ಬಸ್ಸೇ ಇಲ್ಲದಿದ್ದರೆ ಯಾರಿಗೆ ಪ್ರಯೋಜನ?

ಪ್ರವಾಸೋದ್ಯಮವನ್ನು ನಂಬಿದ ಸ್ಥಳೀಯರು ಇಲ್ಲೊಂದು ಆಕ್ಷೇಪ ಎತ್ತುವುದುಂಟು: ಕಾರು ನಿಂತರೆ ಹೋಂಸ್ಟೇಗೆ ಯಾರು ಬರುತ್ತಾರೆ, ಜೀಪಿನವರ ಗತಿಯೇನು? ವಾಸ್ತವ ಇದಕ್ಕೆ ವಿರುದ್ಧವಾಗಿದೆ. ಸ್ವಂತ ಕಾರಿನಲ್ಲಿ ಬಂದವರು ಗಿರಿಯ ತುದಿಯವರೆಗೆ ಸ್ವಂತ ಕಾರಿನಲ್ಲೇ ಏರುತ್ತಾರೆ, ಎಷ್ಟೋ ಬಾರಿ ತಿಂಡಿಯ ಪೊಟ್ಟಣವನ್ನೂ ನಗರದಿಂದಲೇ ತಂದು ಖಾಲಿ ಪೊಟ್ಟಣವನ್ನು ಇಲ್ಲಿ ಬಿಟ್ಟುಹೋಗುತ್ತಾರೆ. ಬಸ್ಸಿನಲ್ಲಿ ಬಂದು ಇಳಿದ ಕುಟುಂಬಕ್ಕೆ ಊರಿನ ಜೀಪು ಬೇಕು, ಊರಿನ ಹೋಟೆಲು ಬೇಕು.

ಘಟ್ಟದ ಕಾಲೇಜುಗಳ ವಿದ್ಯಾರ್ಥಿಗಳು ಇದರಲ್ಲಿ ಮಾಡಬಹುದಾದ ಒಂದು ಕೆಲಸ ಸರಳವಾದದ್ದು, ಖರ್ಚಿಲ್ಲದ್ದು. 2026ರ ಅಕ್ಟೋಬರ್ 2 ಶುಕ್ರವಾರ. ಇಂಥದೊಂದು ವಾರಾಂತ್ಯದಲ್ಲಿ ತಂತಮ್ಮ ಊರಿನ ತಪಾಸಣಾ ಠಾಣೆಯ ಬಳಿ ಸರದಿಯಂತೆ ಕುಳಿತು ಮೂರು ಸಂಗತಿ ಬರೆದುಕೊಳ್ಳುವುದು: ಎಷ್ಟು ವಾಹನ, ಒಂದೊಂದರಲ್ಲಿ ಎಷ್ಟು ಜನ, ಬಸ್ಸಿನಿಂದ ಇಳಿದವರು ಎಷ್ಟು. ಗ್ರಾಮಸಭೆಯಲ್ಲಿ ‘ತುಂಬಾ ಜನ ಬಂದರು’ ಎಂದು ಹೇಳುವ ಪಂಚಾಯಿತಿಗೂ, ಮೂರು ದಿನದ ಲೆಕ್ಕದ ಹಾಳೆಯನ್ನು ಜಿಲ್ಲಾಧಿಕಾರಿಯ ಮೇಜಿನ ಮೇಲೆ ಇಡುವ ಪಂಚಾಯಿತಿಗೂ ವ್ಯತ್ಯಾಸವಿದೆ. ಸಾರಿಗೆ ಸಂಸ್ಥೆಯ ವಿಭಾಗೀಯ ಕಚೇರಿಗೂ ಅದೇ ಹಾಳೆಯ ಪ್ರತಿ ಹೋಗಬೇಕು.

ಇಷ್ಟರ ನಡುವೆ ಹಲವು ಊರುಗಳಲ್ಲಿ ಸದ್ದಿಲ್ಲದೆ ಒಂದು ಬದಲಾವಣೆ ನಡೆದಿದೆ. ರಜೆಯ ಮುನ್ನಾದಿನ ಬೆಂಗಳೂರಿನಿಂದ ಬರುವ ಬಸ್ಸುಗಳಲ್ಲಿ ಕಾಲಿಡಲು ಜಾಗವಿಲ್ಲದಿದ್ದರೂ, ಬೆಂಗಳೂರಿಗೆ ಹೋಗುವ ಬಸ್ಸುಗಳಲ್ಲಿ ಸೀಟು ಸುಲಭವಾಗಿ ಸಿಗುತ್ತದೆ. ಮಕ್ಕಳು ಬಂದು ಹೋಗುವ ಪಾಡು ನೋಡಲಾರದೆ ವಯಸ್ಸಾದ ತಂದೆ ತಾಯಿಯರೇ ಹೊರಡುತ್ತಿದ್ದಾರೆ. ‘ನೀವೇ ಬಂದುಬಿಡಿ ಅಮ್ಮ’ ಎಂಬ ಫೋನು ಬಂದ ಸಂಜೆಯೇ ಚೀಲ ತುಂಬುತ್ತದೆ: ಮಿಡಿ ಉಪ್ಪಿನಕಾಯಿ, ಕೆಸುವಿನ ಎಲೆ, ಒಂದು ಗೊನೆ ಬಾಳೆಕಾಯಿ. ಬೆಳಗಿನ ಜಾವ ಗೊರಗುಂಟೆಪಾಳ್ಯದ ಮೇಲುಸೇತುವೆಯ ಕೆಳಗೆ ಇಳಿದು ಮಗನಿಗಾಗಿ ಕಾಯುವ ಆ ದಂಪತಿಗಳ ಎದುರಿನ ಪಥದಲ್ಲಿ, ಅವರು ಬಿಟ್ಟುಬಂದ ಊರಿನ ಕಡೆಗೆ ಕಾರುಗಳು ಸಾಗುತ್ತಿರುತ್ತವೆ. ದೀಪಾವಳಿಗೆ ಮನೆಯ ಬಾಗಿಲಿಗೆ ಬೀಗ. ಗೋಪೂಜೆಯ ದಿನ ಕೊಟ್ಟಿಗೆಯ ದನಗಳಿಗೆ ಪಕ್ಕದ ಮನೆಯವರು ಬಂದು ಹುಲ್ಲು ಹಾಕಿ ಹೋಗುತ್ತಾರೆ.