ಕಿಲ್ಲಾರಿಯ ಕಂಪನವೂ ನಮ್ಮ ಕಲ್ಲುಮನೆಗಳೂ

ಇಳಕಲ್ಲಿನ ಕೆಂಪು ಗ್ರಾನೈಟು, ಬಾದಾಮಿಯ ಮರಳುಗಲ್ಲು ಇವುಗಳ ಮೇಲೆ ನಿಂತ ನಮ್ಮ ಸೀಮೆ ಅಲುಗದೆಂಬ ಭರವಸೆ ಸದ್ಭಕ್ತರಲ್ಲಿ ಬೇರೂರಿದೆ. ಅದು ತೀರ ನಿರಾಧಾರವಲ್ಲ. ಹುನಗುಂದ-ಇಳಕಲ್ಲುಗಳ ಗ್ರಾನೈಟು ಸುಮಾರು 250 ಕೋಟಿ ವರ್ಷಗಳಷ್ಟು ಪುರಾತನವಾದುದು. 6ನೆಯ ಶತಮಾನದಲ್ಲಿ ಚಾಲುಕ್ಯರು ಕೊರೆಯಿಸಿದ ಬಾದಾಮಿಯ ಗುಹಾಲಯಗಳು ಇಂದಿಗೂ ನಿಂತಿವೆ. ಆದರೆ ಬಾಗಲಕೋಟೆಯ ಸುತ್ತಣ ಕಲಾದಗಿ ಶಿಲಾಸ್ತರಗಳು ಬಾಗಿ ಮಡಿಚಿಕೊಂಡಿವೆ. ಬಾದಾಮಿಯ ಸ್ತರಗಳು ಅವುಗಳ ಮೇಲೆ ಬಹುಮಟ್ಟಿಗೆ ಸಮತಲವಾಗಿ ಕುಳಿತಿವೆ. ಅನಾದಿ ಕಾಲದಲ್ಲಿ ಈ ನೆಲವೂ ಒತ್ತಡಕ್ಕೆ ಸಿಕ್ಕಿ ಮಣಿದಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

1993ರ ಸೆಪ್ಟೆಂಬರ್ 30ರಂದು ಬೆಳಗಿನ 4 ಗಂಟೆಗೆ ಮುನ್ನ, ಗಣೇಶ ವಿಸರ್ಜನೆ ಮುಗಿಸಿ ಜನ ಮಲಗಿದ್ದಾಗ, ಲಾತೂರು ಜಿಲ್ಲೆಯ ಕಿಲ್ಲಾರಿ ನೆಲಸಮವಾಯಿತು. ಬೀದರ, ಕಲಬುರ್ಗಿಗಳಿಗೆ ಅದು ನೆರೆಯ ಸೀಮೆ. ಕಂಪನದ ಪ್ರಮಾಣ 6.2, ಮಡಿದವರು 8,000ದಿಂದ 10,000. ಭೂಕಂಪದ ನಕ್ಷೆಯಲ್ಲಿ ಆ ಪ್ರದೇಶ ಅತಿ ಕಡಿಮೆ ಅಪಾಯದ ವಲಯವಾಗಿತ್ತೆಂಬುದನ್ನು ನಾವು ಮರೆಯಲಾಗದು.

ಆದಿಶೇಷನು ಹೆಡೆ ಬದಲಿಸಿದನೆಂದು ಹೇಳಿ ಸುಮ್ಮನಿರುವುದು ಅರಿವನ್ನೇ ಗುರುವೆಂದು ಬಗೆದ ಶರಣರ ಮಾರ್ಗವಲ್ಲ. ಭೂಮಿಯ ಕೇಂದ್ರ 6,371 ಕಿ.ಮೀ. ಆಳದಲ್ಲಿದೆ, ಮನುಷ್ಯ ಕೊರೆದಿರುವ ಆಳವೋ 12 ಕಿ.ಮೀ.ಗಿಂತ ತುಸು ಹೆಚ್ಚು, ಅಷ್ಟೆ. ಆಚೆಗಿನ ಸುದ್ದಿಯನ್ನು ತರುವವು ಕಂಪನದ ಅಲೆಗಳು. ಮೊದಲು ಬರುವ ಅಲೆ ಶಿಲೆಯನ್ನು ಒತ್ತುತ್ತ, ಸಡಿಲಿಸುತ್ತ ಸಾಗುತ್ತದೆ. ಹಿಂದಿನಿಂದ ಬರುವುದು ಅಡ್ಡಡ್ಡ ಅಲುಗಿಸುತ್ತದೆ. ದ್ರವದಲ್ಲಿ ಅದು ಸಾಗದು. ಸುಮಾರು 2,900 ಕಿ.ಮೀ. ಆಳದಲ್ಲಿ ಅದು ನಿಂತುಬಿಡುವುದರಿಂದಲೇ ಭೂಮಿಯ ಹೊರತಿರುಳು ದ್ರವವೆಂದು ತಿಳಿಯಿತು. ಅದರೊಳಗೆ ಮತ್ತೊಂದು ತಿರುಳಿದೆಯೆಂದು 1936ರಲ್ಲಿ ತೋರಿಸಿಕೊಟ್ಟವರು ಡೆನ್ಮಾರ್ಕಿನ ಇಂಗೆ ಲೇಮನ್ ಎಂಬ ಮಹಿಳೆ. ನಮ್ಮ ಹೆಣ್ಣುಮಕ್ಕಳು ಈ ಹೆಸರನ್ನು ತಿಳಿದಿರಬೇಕು. ನಮ್ಮ ಗೌರಿಬಿದನೂರಿನಲ್ಲಿಯೂ 1960ರ ದಶಕದಿಂದ ಇಂತಹ ಅಲೆಗಳನ್ನು ಆಲಿಸುವ ಕೇಂದ್ರವಿದೆ.

ಆದರೂ ಇಂಥ ದಿನ, ಇಂಥ ಊರು ಎಂದು ಮುಂಗಡವಾಗಿ ಹೇಳುವ ವಿದ್ಯೆ ಇನ್ನೂ ಯಾರಿಗೂ ಕೈಗೂಡಿಲ್ಲ. ಹಾಗೆ ಸಾರುವವರನ್ನು ನಂಬಬೇಡಿರಿ.

ಕಿಲ್ಲಾರಿಯಲ್ಲಿ ಕೊಂದದ್ದು ಮುಖ್ಯವಾಗಿ ಮನೆ. ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆ, ಮೇಲೆ ಅಡಿಗಟ್ಟಲೆ ಮಣ್ಣು. ನಮ್ಮ ಹಳ್ಳಿಗಳ ಮೇಲ್ಮುದ್ದೆ ಮನೆಯೂ ಇದೇ ಜಾತಿಯದು. ಮಳೆ ಸೋರಿದಾಗಲೆಲ್ಲ ಮೇಲೆ ಮಣ್ಣು ಹಾಕುತ್ತೇವೆ, ಹಳೆಯದನ್ನು ತೆಗೆಯುವುದಿಲ್ಲ; ವರುಷದಿಂದ ವರುಷಕ್ಕೆ ಭಾರ ಏರುತ್ತದೆ. 2021ರಲ್ಲಿ ನೆರೆಯ ವಿಜಯಪುರ ಜಿಲ್ಲೆಯಲ್ಲಿ ನೆಲ ನಡುಗಿದಾಗ ಅನೇಕರು ಹೊರಗೆ ಓಡಿಬಂದರು. ಮರುದಿನ ಮಾಳಿಗೆ ಹತ್ತಿ ನೋಡಿದವರೆಷ್ಟು ಮಂದಿ? ಹೆಚ್ಚಿನ ಮಣ್ಣನ್ನು ಇಳಿಸಿರಿ. ಹೊಸ ಗೋಡೆ ಕಟ್ಟುವಾಗ ಒಳಮೈ ಹೊರಮೈಗಳನ್ನು ಬೆಸೆಯುವ ಉದ್ದನೆಯ ಹಾಯ್ಗಲ್ಲುಗಳನ್ನು ಅಲ್ಲಲ್ಲಿ ಇಡಿಸಿರಿ. ಬಾಗಿಲ ಮಟ್ಟದಲ್ಲಿ ಮನೆಯ ಸುತ್ತ ಕಾಂಕ್ರೀಟಿನ ಪಟ್ಟಿಯೊಂದನ್ನು ಹಾಕಿಸಿರಿ. ಈ ಬೇಸಿಗೆಯಲ್ಲಿ ಮನೆ ಕಟ್ಟಿಸುವವರು ಗೌಂಡಿಯನ್ನು ಮೊದಲು ಇದನ್ನೇ ಕೇಳಲಿ.